ಬೆಟ್ಟಗಳನ್ನು ಸೈಕಲ್ಲಿಗೆ ಒಲಿಸಿದ ವೆಲೋಸಿಯೊ

ವೇಗವೊಂದೇ ಸೈಕಲ್ ಸವಾರಿಯ ಗುರಿ ಎಂದು ಜನ ನಂಬಿದ್ದ ಕಾಲದಲ್ಲಿ ಹಳ್ಳಿಗಾಡಿನ ಶಾಂತ ರಸ್ತೆಗಳ ಸುಖವನ್ನು ಫ್ರಾನ್ಸಿಗೆ ಪರಿಚಯಿಸಿದವರು ಪಾಲ್ ದ ವಿವಿ. 1853ರಲ್ಲಿ ಜನಿಸಿದ ಅವರು ಸೇಂತ್-ಎತಿಯೆನ್ ನಗರದಲ್ಲಿ ರೇಷ್ಮೆ ವ್ಯಾಪಾರಿಯಾಗಿದ್ದರು. ಸೈಕಲ್ಲಿನ ಮೋಹಕ್ಕೆ ಸಿಲುಕಿ ಆ ವ್ಯಾಪಾರವನ್ನೇ ತೊರೆದರು. 1887ರಲ್ಲಿ, ಮುಂದೆ ‘ಲ ಸಿಕ್ಲಿಸ್ತ್’ ಎಂದು ಹೆಸರಾದ ಪತ್ರಿಕೆಯನ್ನು ಆರಂಭಿಸಿ, ವೆಲೋಸಿಯೊ ಎಂಬ ಅಂಕಿತದಲ್ಲಿ ಬರೆದರು.

ನಗರದ ಸುತ್ತ ಕಡಿದಾದ ಗುಡ್ಡಗಳು. ಒಂದೇ ಗೇರಿನ ಸೈಕಲ್ಲಿನಲ್ಲಿ ಅವುಗಳನ್ನೇರುವುದು ಬಲಶಾಲಿಗಳಿಗಷ್ಟೇ ಸಾಧ್ಯವಿತ್ತು. ಸಾಮಾನ್ಯರೂ ಏರಬೇಕೆಂಬ ಹಂಬಲದಿಂದ ವೆಲೋಸಿಯೊ ಬದಲಾಯಿಸಬಲ್ಲ ಗೇರುಗಳನ್ನು ತಮ್ಮ ಸವಾರಿಗಳಲ್ಲಿ ಪರೀಕ್ಷಿಸಿ, ಪ್ರಚಾರ ಮಾಡಿದರು. ಸ್ಪರ್ಧೆಗಳ ಸಂಘಟಕರು ಅದನ್ನು ದುರ್ಬಲರ ಸಾಧನವೆಂದು ಹೀಗಳೆದರು.

ನಿರ್ಜನ ರಸ್ತೆಗಳನ್ನು ಪ್ರೀತಿಸಿದ ಈ ಸಸ್ಯಾಹಾರಿಗೆ ಸಾವು ಬಂದದ್ದು ಮಾತ್ರ ನಗರದ ಬೀದಿಯಲ್ಲಿ. 1930ರಲ್ಲಿ ಸೇಂತ್-ಎತಿಯೆನ್‌ನಲ್ಲಿ ಟ್ರಾಮ್ ಬಡಿದು ಅವರು ಅಸುನೀಗಿದರು.

ಏಳು ವರ್ಷಗಳ ತರುವಾಯ, 1937ರಲ್ಲಿ ಟೂರ್ ದ ಫ್ರಾನ್ಸ್ ಸ್ಪರ್ಧಿಗಳಿಗೆ ಗೇರು ಬದಲಿಸುವ ಸಾಧನವನ್ನು ಬಳಸಲು ಅನುಮತಿ ನೀಡಿತು. ಆ ಜಯವನ್ನು ಕಾಣಲು ವೆಲೋಸಿಯೊ ಇರಲಿಲ್ಲ. ಅವರು ಮೆಚ್ಚಿ ಏರುತ್ತಿದ್ದ ರೆಪುಬ್ಲಿಕ್ ಕಣಿವೆಹಾದಿಯ ನೆತ್ತಿಯಲ್ಲಿ ಅವರ ಸ್ಮಾರಕವಿದೆ.