ಸಮಾಜವಾದಿ ನೇತಾರ ಶಾಂತವೇರಿ ಗೋಪಾಲಗೌಡರು

ಸಮಾಜವಾದ ಎಂಬ ಪದವನ್ನು ನಾವೆಲ್ಲ ಸಮಾಜ ಪಾಠದಲ್ಲಿ ಓದಿದ್ದೇವೆ. 1976ರಲ್ಲಿ 42ನೆಯ ತಿದ್ದುಪಡಿಯ ಮೂಲಕ ಅದು ನಮ್ಮ ಸಂವಿಧಾನದ ಪ್ರಸ್ತಾವನೆಯನ್ನು ಸೇರಿತು. ಹಾಗಾದರೆ ಒಂದು ಪದ ಸೇರಿದ ಮಾತ್ರಕ್ಕೆ ಪ್ರಜಾಪ್ರಭುತ್ವ ರಾಷ್ಟ್ರವೊಂದು ಸಮಾಜವಾದಿ ಆಗುವುದೇ? ಆ ಪದ ಸೇರುವುದಕ್ಕೆ ಮೊದಲೇ ಈ ಪ್ರಶ್ನೆಗೆ ತಮ್ಮ ಬಾಳಿನಿಂದ ಉತ್ತರ ಕೊಟ್ಟು ಹೋದವರು ಶಾಂತವೇರಿ ಗೋಪಾಲಗೌಡರು.

ಗೋಪಾಲಗೌಡರು 1923ನೇ ಮಾರ್ಚ್ 14ರಂದು ಮಲೆನಾಡಿನ ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ ಜನಿಸಿದರು. ಬಡತನವನ್ನು ಕಣ್ಣಾರೆ ಕಂಡು ಬೆಳೆದರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಲೇಜಾವ್ ಚಳವಳಿಗೆ ಧುಮುಕಿ ಸೆರೆಮನೆ ಸೇರಿದರು. ಸ್ವಾತಂತ್ರ್ಯ ಬಂದ ಮೇಲೆ ಸಮಾಜವಾದಿ ಪಕ್ಷದ ಕೆಲಸಕ್ಕೆ ತಮ್ಮನ್ನು ಮುಡಿಪಾಗಿಟ್ಟರು.

ಸಾಗರ ತಾಲೂಕಿನಲ್ಲಿ ಕಾಗೋಡು ಎಂಬ ಹಳ್ಳಿಯಿದೆ. ಅಲ್ಲಿ ದೀವರ ಜನರು ಭೂಮಾಲಿಕರ ಗದ್ದೆಗಳನ್ನು ಗೇಣಿಗೆ ಉಳುತ್ತಿದ್ದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗವು ಸರಕಾರದ ಅಳತೆಗಿಂತ ದೊಡ್ಡದಾಗಿತ್ತು. ಎಷ್ಟು ಕೊಳಗ ಕೊಡಬೇಕೆಂಬ ಕರಾರು ಬದಲಾಗದಿದ್ದರೂ ಕೊಳಗ ದೊಡ್ಡದಾದಷ್ಟೂ ಒಕ್ಕಲಿನ ಮನೆಯ ಕಣಜ ಬರಿದಾಗುತ್ತಿತ್ತು. ಇದನ್ನು ಪ್ರಶ್ನಿಸಿದ ರೈತರನ್ನು ಎಚ್. ಗಣಪತಿಯಪ್ಪನವರು ಸಂಘಟಿಸಿದರು. 1951ರ ಏಪ್ರಿಲ್ ತಿಂಗಳಲ್ಲಿ, ಉಳಲು ಬಿಡದ ಗದ್ದೆಗೆ ನೇಗಿಲು ಹೂಡಿ ಇಳಿಯುವ ಸತ್ಯಾಗ್ರಹ ಆರಂಭವಾಯಿತು. ಗೋಪಾಲಗೌಡರು ಅದರ ಮುಂಚೂಣಿಯಲ್ಲಿ ನಿಂತರು. ನೂರಾರು ಮಂದಿ ಬಂಧಿತರಾದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಬಂದು, ಅವರೂ ಬಂಧನಕ್ಕೊಳಗಾದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. 1950ರ ಸಂವಿಧಾನವು ಧನಿಗೂ ಒಕ್ಕಲಿಗೂ ಸಮಾನವಾಗಿ ಒಂದೊಂದು ಮತ ನೀಡಿತ್ತು. ಮತಪೆಟ್ಟಿಗೆಯ ಬಳಿ ಇಬ್ಬರೂ ಸಮಾನರು. ಕಣದಲ್ಲಿ ಮಾತ್ರ ಧನಿಯ ಕೊಳಗವೇ ಕೊಳಗ. ಈ ಅಂತರವನ್ನು ಅಳಿಸುವುದೇ ಗೋಪಾಲಗೌಡರ ಸಮಾಜವಾದವಾಗಿತ್ತು.

ಕಾಗೋಡಿನ ರೈತರಿಗೆ ಕೂಡಲೇ ಭೂಮಿ ಸಿಗಲಿಲ್ಲ. ಆದರೆ 1952ರ ಪ್ರಥಮ ಮಹಾಚುನಾವಣೆಯಲ್ಲಿ ಆ ಸೀಮೆಯ ಜನರು ಗೋಪಾಲಗೌಡರನ್ನು ಶಾಸನಸಭೆಗೆ ಕಳುಹಿಸಿದರು. ಅವರು ಮತದಾರರಿಂದ ಒಂದು ಓಟಿನ ಜೊತೆಗೆ ಒಂದು ನೋಟನ್ನೂ ಬೇಡುತ್ತಿದ್ದರು. ಧನಿಕರ ಹಣದಿಂದ ಗೆದ್ದವನು ಬಡವನ ಪರವಾಗಿ ಮಾತಾಡಲಾರನಷ್ಟೆ! 1957ರಲ್ಲಿ ಸೋತರೂ ಎದೆಗುಂದದೆ 1962 ಮತ್ತು 1967ರಲ್ಲಿ ಮತ್ತೆ ಗೆದ್ದು ಬಂದರು. ಗೇಣಿದಾರರ ಹಕ್ಕಿಗಾಗಿಯೂ, ಆಡಳಿತದಲ್ಲಿ ಕನ್ನಡಕ್ಕಾಗಿಯೂ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಗಾಗಿಯೂ ಸದನದಲ್ಲಿ ಗುಡುಗಿದರು. ಜನರಿಗೆ ತಿಳಿಯದ ಭಾಷೆಯಲ್ಲಿ ನಡೆಯುವ ಆಡಳಿತವು ಜನರದಾಗುವುದು ಹೇಗೆ?

1972ನೇ ಜೂನ್ 9ರಂದು, ಕೇವಲ 49ರ ಪ್ರಾಯದಲ್ಲಿ ಅವರು ಕೀರ್ತಿಶೇಷರಾದರು. 1973ರ ನವೆಂಬರ್ 1ರಂದು ರಾಜ್ಯವು ಕರ್ನಾಟಕವಾಯಿತು. ದೇವರಾಜ ಅರಸರ ಸರಕಾರದ ಭೂಸುಧಾರಣೆಯಿಂದ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಎರಡನ್ನೂ ನೋಡುವ ಭಾಗ್ಯ ಅವರಿಗಿರಲಿಲ್ಲ. ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ನಾಯಕನಲ್ಲಿ ಗೋಪಾಲಗೌಡರ ಛಾಯೆಯಿದೆ.

ಉಪ್ಪಳದ ನಮಗೆ ಈ ಕತೆ ದೂರದ್ದಲ್ಲ. ಚಾಲಗೇಣಿ, ಮೂಲಗೇಣಿ ಎಂಬ ಮಾತುಗಳನ್ನು ನಮ್ಮೂರಿನ ಹಿರಿಯರು ಇಂದಿಗೂ ಮರೆತಿಲ್ಲ. ಕೇರಳದಲ್ಲಿ 1970ರ ಜನವರಿ 1ರಿಂದಲೇ ಗೇಣಿ ಪದ್ಧತಿ ಕೊನೆಗೊಂಡಿತು. ತಲಪಾಡಿಯಾಚೆಯ ಗೇಣಿದಾರನು ಇನ್ನೂ ನಾಲ್ಕು ವರ್ಷ ಕಾಯಬೇಕಾಯಿತು. ಎರಡೂ ಕಡೆ ಇದ್ದುದು ಒಂದೇ ಸಂವಿಧಾನ, ಪ್ರಸ್ತಾವನೆಯಲ್ಲಿ ಸಮಾಜವಾದದ ಹೆಸರು ಆಗ ಎರಡೂ ಕಡೆ ಇರಲಿಲ್ಲ. ಬ್ರಿಟನ್ನಿನಲ್ಲಿ ಅರಸೊತ್ತಿಗೆ ಇದ್ದರೂ 1948ರಲ್ಲಿ ಎಲ್ಲರಿಗೂ ಸರಕಾರದ ವೈದ್ಯಕೀಯ ನೆರವು ದೊರೆಯಿತು. ಸೋವಿಯತ್ ಒಕ್ಕೂಟವು ಹೆಸರಿನಲ್ಲೇ ಸಮಾಜವಾದವನ್ನು ಹೊತ್ತಿದ್ದರೂ ಬೇರೊಂದು ಪಕ್ಷವನ್ನು ಆರಿಸುವ ಅವಕಾಶವನ್ನು ಜನರಿಗೆ ದಶಕಗಳ ಕಾಲ ಕೊಡಲಿಲ್ಲ.

ಆದುದರಿಂದ ಹೆಸರನ್ನು ನೋಡಿ ದೇಶವನ್ನು ಅಳೆಯಬಾರದು. ದುಡಿದವನ ಪಾಲನ್ನು ಯಾರ ಕೊಳಗದಿಂದ ಅಳೆಯುತ್ತಾರೆ, ಆ ಕೊಳಗ ಸರಿಯಿಲ್ಲವೆಂದು ಹೇಳುವ ಸ್ವಾತಂತ್ರ್ಯ ಅವನಿಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು ಸಮಾಜವಾದದ ಪ್ರಶ್ನೆ, ಎರಡನೆಯದು ಪ್ರಜಾಪ್ರಭುತ್ವದ ಪ್ರಶ್ನೆ. ಎರಡನ್ನೂ ಒಟ್ಟಿಗೆ ಕೇಳಿದ ಗೋಪಾಲಗೌಡರು ನಮ್ಮಂತಹ ವಿದ್ಯಾರ್ಥಿಗಳಿಗೆ ಸದಾ ಸ್ಮರಣೀಯರು.