ಪಾಸ್‌ಪೋರ್ಟ್ ರದ್ದಾದ ಗಾಯಕಿ ಮಿರಿಯಂ ಮಕೇಬಾ

ಮಿರಿಯಂ ಮಕೇಬಾ 1932ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದರು. 18 ದಿನದ ಕೂಸಾಗಿದ್ದಾಗಲೇ ಅಮ್ಮನ ಜೊತೆ ಜೈಲು ಸೇರಬೇಕಾಯ್ತು. ಮನೆಯಲ್ಲಿ ಬಿಯರ್ ಮಾಡಿ ಮಾರಿದ್ದೇ ಅಮ್ಮನ ತಪ್ಪು!

1959ರಲ್ಲಿ ಹಾಡಲು ದೇಶ ಬಿಟ್ಟರು, ಅಮೆರಿಕದಲ್ಲಿ ಹೆಸರೂ ಬಂತು. ಮರುವರ್ಷ ಅಮ್ಮ ತೀರಿಕೊಂಡರೆಂದು ಊರಿಗೆ ಹೊರಟಾಗ, ಪಾಸ್‌ಪೋರ್ಟ್ ರದ್ದಾಗಿದೆ ಅಂದುಬಿಟ್ರು. ಮಣ್ಣಿಗೂ ಹೋಗಲಾಗಲಿಲ್ಲ. ರಜೆ ಸಿಗದೆ ಫೋನಿನಲ್ಲೇ ಅತ್ತವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

1963ರಲ್ಲಿ ವಿಶ್ವಸಂಸ್ಥೆಯಲ್ಲಿ ವರ್ಣಭೇದದ ವಿರುದ್ಧ ಮಾತಾಡಿದ್ದಕ್ಕೆ ಪೌರತ್ವವೂ ಹೋಯ್ತು, ತಾಯ್ನಾಡಿನಲ್ಲಿ ಹಾಡುಗಳಿಗೂ ನಿಷೇಧ. ಆದರೂ ‘ಪಾಟಾ ಪಾಟಾ’ 1967ರಲ್ಲಿ ಅಮೆರಿಕದಲ್ಲಿ ಹಿಟ್ ಆಯ್ತು.

ಮಂಡೇಲಾ ಬಿಡುಗಡೆಯಾದ 1990ರಲ್ಲಿ ಊರಿಗೆ ಮರಳಿದರು, ಅದೂ ಫ್ರೆಂಚ್ ಪಾಸ್‌ಪೋರ್ಟ್ ಹಿಡಿದು! 2008ರ ನವೆಂಬರ್‌ನಲ್ಲಿ, ವಲಸೆ ಬಂದ ಆರು ಆಫ್ರಿಕನ್ನರನ್ನು ಮಾಫಿಯಾ ಕೊಂದಿದ್ದ ಇಟಲಿಯ ಊರಲ್ಲಿ, ಮಾಫಿಯಾ ವಿರುದ್ಧದ ಕಾರ್ಯಕ್ರಮದಲ್ಲಿ ಹಾಡಿದ ಬೆನ್ನಿಗೇ ಹೃದಯಾಘಾತವಾಗಿ ತೀರಿಕೊಂಡರು.