ಗಾಳಿಯ ಮರೆಯಲ್ಲಿ ಓಡಿದವನು: ಡೇಲ್ ಅರ್ನ್‌ಹಾರ್ಟ್

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮ್ಮ ಹಳ್ಳಿಯಿಂದ ದಾವಣಗೆರೆಗೆ ದಿನವೂ ಸೈಕಲ್ಲಿನ ಮೇಲೆ ಹೋಗಿಬರುತ್ತಿದ್ದೆ. ಆಷಾಢ ಬಂತೆಂದರೆ ಪಡುವಣ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದಂತೆ ಬೀಸುವುದು. ಆಗ ನಮಗೆಲ್ಲ ಗೊತ್ತಿದ್ದ ಉಪಾಯ ಒಂದೇ. ಮೂಟೆ ಹೇರಿಕೊಂಡು ನಿಧಾನವಾಗಿ ಸಾಗುವ ಟ್ರ್ಯಾಕ್ಟರೊಂದು ಸಿಕ್ಕರೆ ಅದರ ಬೆನ್ನಿಗೆ ಮಾರು ದೂರದಲ್ಲಿ ಸೈಕಲ್ಲನ್ನು ಸೇರಿಸಿಬಿಡುವುದು. ಕಾಲಿನ ಮೇಲಿನ ಭಾರವನ್ನು ಯಾರೋ ಇಳಿಸಿಕೊಂಡಂತಾಗಿ ಪೆಡಲು ತಾನಾಗಿಯೇ ತಿರುಗತೊಡಗುತ್ತಿತ್ತು. ಹತ್ತಿಗಿರಣಿಯಲ್ಲಿ ಪಾಳಿ ಮುಗಿಸಿ ಬರುತ್ತಿದ್ದ ನಮ್ಮ ತಂದೆಯವರು ಒಂದು ದಿನ ಇದನ್ನು ಕಂಡರು. ಆ ಸಂಜೆ ನನಗೆ ಬಿದ್ದ ಏಟುಗಳನ್ನು ಇಲ್ಲಿ ವರ್ಣಿಸುವ ಅಗತ್ಯವಿಲ್ಲ. ಮುಂದಿನ ಗಾಡಿ ಗಕ್ಕನೆ ನಿಂತರೆ ನನ್ನ ಗತಿಯೇನು ಎಂಬುದು ಅವರ ಪ್ರಶ್ನೆಯಾಗಿತ್ತು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಹಳೆಯ ಪ್ರಸಂಗ ನೆನಪಿಗೆ ಬಂದದ್ದು ಅಮೆರಿಕದ ಮೋಟಾರು ಪಂದ್ಯಗಾರನೊಬ್ಬನ ಜೀವನವನ್ನು ಓದುವಾಗ. ಪಂಪ ರನ್ನರನ್ನು ಪಾಠ ಹೇಳುವವನಿಗೆ ಈ ಗೊಡವೆ ಏತಕ್ಕೆಂದು ಸಹೋದ್ಯೋಗಿಗಳು ನಕ್ಕದ್ದುಂಟು. ಉತ್ತರ ಕೆರೊಲಿನಾದ ಷಾರ್ಲಟ್ ನಗರದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ನೆರೆಯ ಊರಿನ ಹೆಸರು ಕನ್ನಾಪೊಲಿಸ್ ಎಂದು ಬರೆದಾಗ, ಕನ್ನಡದ ಮೇಷ್ಟರಿಗೆ ಸಹಜವಾದ ಚಾಪಲ್ಯದಿಂದ ನಾನು ಅದರ ಬೆನ್ನು ಹತ್ತಿದೆ. ಕನ್ನಡಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಕ್ಯಾನನ್ ಎಂಬ ಗಿರಣಿಯ ಒಡೆಯರ ಹೆಸರಿಗೆ ಗ್ರೀಕರ ಪಟ್ಟಣವಾಚಕ ಸೇರಿ ಆ ಹೆಸರಾಯಿತೆಂಬುದು ಸಾಮಾನ್ಯ ನಂಬಿಕೆ. ಆದರೆ ಅದು ಹತ್ತಿಗಿರಣಿಯ ಊರು. ಗಿರಣಿಯ ಸಿಳ್ಳಿಗೆ ಏಳುವ, ಗಿರಣಿಯ ಸಿಳ್ಳಿಗೆ ಮಲಗುವ ಊರು. ಅಷ್ಟು ಸಾಕಾಯಿತು ನನಗೆ.

ಡೇಲ್ ಅರ್ನ್‌ಹಾರ್ಟ್ ಆ ಊರಿನಲ್ಲಿ ೧೯೫೧ರ ಏಪ್ರಿಲ್ ೨೯ರಂದು ಹುಟ್ಟಿದನು. ತಂದೆ ರಾಲ್ಫ್ ಗಿರಣಿಯ ಕೆಲಸವನ್ನು ಬಿಟ್ಟು, ಮಣ್ಣಿನ ಚಿಕ್ಕ ಓಟದ ಹಾದಿಗಳಲ್ಲಿ ಕಾರು ಓಡಿಸಿ ಸಂಸಾರ ಸಾಗಿಸಿದವನು. ೧೯೫೬ರಲ್ಲಿ ನ್ಯಾಸ್ಕಾರ್ ಸಂಸ್ಥೆಯ ಸ್ಪೋರ್ಟ್ಸ್‌ಮನ್ ದರ್ಜೆಯ ಚಾಂಪಿಯನ್ ಆದವನು. ಗೆದ್ದ ಹಣದಲ್ಲಿ ಮನೆಗೆ ದಿನಸಿ ಬರಬೇಕು. ಆದಕಾರಣ ಕಾರು ಒಡೆಯದಂತೆ ಓಡಿಸುವುದೇ ಆತನ ವಿದ್ಯೆ. ಮಗನು ಹೈಸ್ಕೂಲು ಮುಗಿಸದೆ ಓದು ಬಿಟ್ಟು ಕಾರುಗಳ ಕಡೆಗೆ ತಿರುಗಿದಾಗ ತಂದೆಗೆ ಬಲವಾದ ಅಸಮಾಧಾನವಾಯಿತು. ಆದರೂ ಒಂದು ಕಥೆಯುಂಟು. ತಂದೆ ಮಗ ಇಬ್ಬರೂ ಒಂದೇ ಪಂದ್ಯದಲ್ಲಿ ಓಡಿದ ಒಂದು ರಾತ್ರಿ, ಹಿಂದಿನಿಂದ ಬಂದ ರಾಲ್ಫ್ ಮಗನ ಕಾರಿಗೆ ತನ್ನ ಮೂತಿಯನ್ನು ಆನಿಸಿ, ಅವನನ್ನು ಮುಂದಿನವನಿಗಿಂತ ಮುಂದಕ್ಕೆ ನೂಕಿಬಿಟ್ಟನಂತೆ. ೧೯೭೩ರಲ್ಲಿ, ತನ್ನ ೪೫ನೆಯ ವಯಸ್ಸಿನಲ್ಲಿ, ರಾಲ್ಫ್ ಹೃದಯಾಘಾತದಿಂದ ತೀರಿಕೊಂಡನು. ಡೇಲನಿಗೆ ಆಗ ೨೨ ವರ್ಷ.

ಮುಂದಿನ ಏಳುಬೀಳುಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೭೫ರಲ್ಲಿ ಷಾರ್ಲಟ್‌ನ ೬೦೦ ಮೈಲಿಯ ಪಂದ್ಯದಲ್ಲಿ ಮೊದಲ ಬಾರಿಗೆ ಮೇಲಿನ ದರ್ಜೆಯಲ್ಲಿ ಓಡಿ ೨೨ನೆಯವನಾದನು. ೧೯೭೯ರಲ್ಲಿ ಬ್ರಿಸ್ಟಲ್‌ನಲ್ಲಿ ಮೊದಲ ಗೆಲುವು. ಮರುವರ್ಷವೇ ಇಡೀ ಸರಣಿಯ ಚಾಂಪಿಯನ್ ಪಟ್ಟ. ಆಮೇಲೆ ೧೯೮೬, ೧೯೮೭, ೧೯೯೦, ೧೯೯೧, ೧೯೯೩, ೧೯೯೪. ಹೀಗೆ ಒಟ್ಟು ಏಳು ಪಟ್ಟಗಳು. ಅಲ್ಲಿಯವರೆಗೆ ರಿಚರ್ಡ್ ಪೆಟಿಯೊಬ್ಬನೇ ಏರಿದ್ದ ಎತ್ತರವದು. ರಿಚರ್ಡ್ ಚಿಲ್ಡ್ರೆಸ್‌ನ ತಂಡದ ೩ನೆಯ ನಂಬರಿನ ಷೆವ್ರೊಲೆ ಕಾರು ೧೯೮೮ರಿಂದ ಕಪ್ಪು ಬಣ್ಣ ತಳೆಯಿತು. ಆ ಕಪ್ಪು ಕಾರು ಹಿಂದಿನ ಕನ್ನಡಿಯಲ್ಲಿ ಕಾಣಿಸಿಕೊಂಡರೆ ಮುಂದಿನವನ ಕೈ ನಡುಗುತ್ತಿತ್ತೆಂದು ಹೇಳುವರು. ಎದುರಾಳಿಯ ಕಾರಿಗೆ ತಾಗಿಸಿ ದಾರಿ ಬಿಡಿಸಿಕೊಳ್ಳುವುದು ಅವನಿಗೆ ಸಂಕೋಚದ ವಿಷಯವಾಗಿರಲಿಲ್ಲ. ಹೆದರಿಸುವವನೆಂಬ ಬಿರುದನ್ನು ಜನ ಕೊಟ್ಟರು, ಅವನು ಬೇಡವೆನ್ನಲಿಲ್ಲ. ಆ ಒರಟುತನವನ್ನು ನಾನು ಮೆಚ್ಚಲಾರೆ. ಆದರೆ ಅವನ ನಿಜವಾದ ಕೌಶಲ ಇದ್ದದ್ದು ತಾಗಿಸುವುದರಲ್ಲಲ್ಲ, ತಾಗದೆ ಓಡುವುದರಲ್ಲಿ. ಅದನ್ನು ತಿಳಿಯಬೇಕಾದರೆ ಗಾಳಿಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಫ್ಲಾರಿಡಾದ ಡೇಟೋನಾದಲ್ಲಿ ೧೯೫೯ರಲ್ಲಿ ಎರಡೂವರೆ ಮೈಲಿ ಸುತ್ತಳತೆಯ ಓಟದ ಹಾದಿ ತೆರೆಯಿತು. ತಿರುವುಗಳಲ್ಲಿ ಅದರ ನೆಲ ೩೧ ಡಿಗ್ರಿ ವಾಲಿದೆ. ಕೆರೆಯ ಏರಿಯ ಇಳಿಜಾರಿನ ಮೇಲೆ ಕಾರು ಓಡಿಸಿದಂತೆ. ಆ ವೇಗದಲ್ಲಿ ಎಂಜಿನ್ನಿನ ಶಕ್ತಿಯೆಲ್ಲ ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ಮುಂದಿನ ಕಾರು ಸೀಳಿದ ಗಾಳಿ ಕೂಡಲೆ ಕೂಡಿಕೊಳ್ಳದೆ, ಅದರ ಬೆನ್ನಿಗೆ ಒತ್ತಡ ಕಡಿಮೆಯಾದ ಒಂದು ತೆರಪು ಉಳಿಯುತ್ತದೆ. ಹಿಂದಿನವನು ಆ ತೆರಪಿನೊಳಗೆ ಹೊಕ್ಕರೆ ಅವನಿಗೆ ಶ್ರಮ ಕಡಿಮೆ. ವಿಚಿತ್ರವೆಂದರೆ ಮುಂದಿನವನಿಗೂ ಲಾಭವುಂಟು. ಅವನನ್ನು ಹಿಂದಕ್ಕೆ ಎಳೆಯುತ್ತಿದ್ದ ತೆರಪನ್ನು ಹಿಂದಿನ ಕಾರು ತುಂಬಿಬಿಡುತ್ತದೆ. ಆದ್ದರಿಂದ ಒಂಟಿ ಕಾರಿಗಿಂತ ಜೋಡಿ ಕಾರುಗಳು ಬೇಗ ಓಡುತ್ತವೆ. ಇದಕ್ಕೆ ಅವರು ಡ್ರಾಫ್ಟಿಂಗ್ ಎನ್ನುತ್ತಾರೆ. ಗಾಳಿಮರೆ ಎಂದು ನಾನು ಕರೆದುಕೊಂಡಿದ್ದೇನೆ. ೧೯೬೦ರ ಡೇಟೋನಾ ಪಂದ್ಯದಲ್ಲಿ ಜೂನಿಯರ್ ಜಾನ್ಸನ್ ಎಂಬವನು ತನಗಿಂತ ಬಲವಾದ ಪಾಂಟಿಯಾಕ್ ಕಾರುಗಳ ಬೆನ್ನಿಗಂಟಿ ಓಡಿ ಗೆದ್ದು, ಈ ಮರ್ಮವನ್ನು ಲೋಕಕ್ಕೆ ತೋರಿಸಿಕೊಟ್ಟನು.

ಅಂದಿನಿಂದ ಅಲ್ಲಿಯ ನಿಯಮಗಳ ಚರಿತ್ರೆಯೆಂದರೆ ಗಾಳಿಯ ಚರಿತ್ರೆಯೇ. ೧೯೬೯, ೧೯೭೦ರಲ್ಲಿ ಹಿಂಬದಿಗೆ ಎತ್ತರದ ರೆಕ್ಕೆ ಕಟ್ಟಿಕೊಂಡ ಕಾರುಗಳು ಬಂದವು. ೧೯೭೧ರಲ್ಲಿ ಅವುಗಳ ಎಂಜಿನ್ನಿನ ಗಾತ್ರವನ್ನು ಮೊಟಕುಮಾಡಿ ಸಂಸ್ಥೆ ಆ ರೆಕ್ಕೆಗಳನ್ನು ಕತ್ತರಿಸಿದಂತೆಯೇ ಮಾಡಿತು. ದೊಡ್ಡ ತಿರುವು ಬಂದದ್ದು ೧೯೮೭ರಲ್ಲಿ. ಅಲಬಾಮಾದ ಟ್ಯಾಲಡೇಗಾದಲ್ಲಿ, ಆ ವಸಂತದಲ್ಲಿ, ಬಿಲ್ ಎಲಿಯಟ್ ಅರ್ಹತಾ ಸುತ್ತಿನಲ್ಲಿ ಗಂಟೆಗೆ ೨೧೨.೮೦೯ ಮೈಲಿ ವೇಗದಿಂದ ಓಡಿದನು. ಅದೇ ವಾರದ ಪಂದ್ಯದಲ್ಲಿ, ಮೇ ೩ರಂದು, ಬಾಬಿ ಆಲಿಸನ್‌ನ ಕಾರು ನೆಲ ಬಿಟ್ಟು ಮೇಲೆದ್ದು ಪ್ರೇಕ್ಷಕರ ಮುಂದಿನ ತಂತಿ ಬೇಲಿಯನ್ನು ಹರಿಯಿತು. ನೋಡುತ್ತಿದ್ದವರಲ್ಲಿ ಕೆಲವರಿಗೆ ಗಾಯಗಳಾದವು. ಬೇಲಿ ಪೂರ್ತಿ ಹರಿದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದೂ ಕಷ್ಟ. ಆ ಪಂದ್ಯವನ್ನು ಗೆದ್ದವನು ಆಲಿಸನ್‌ನ ಮಗ ಡೇವಿ. ಮೇಲಿನ ದರ್ಜೆಯಲ್ಲಿ ಅವನ ಮೊದಲ ಗೆಲುವು.

೧೯೮೮ರ ಡೇಟೋನಾ ಪಂದ್ಯದಿಂದ, ಆ ಎರಡು ದೊಡ್ಡ ಹಾದಿಗಳಲ್ಲಿ, ಕಾರ್ಬುರೇಟರಿನ ಕೆಳಗೆ ನಾಲ್ಕು ತೂತುಗಳ ತೆಳುವಾದ ಲೋಹದ ತಗಡೊಂದನ್ನು ಕೂರಿಸಬೇಕೆಂಬ ಕಟ್ಟಳೆ ಜಾರಿಗೆ ಬಂದಿತು. ಎಂಜಿನ್ನಿಗೆ ಉಸಿರು ಕಡಿಮೆಯಾಯಿತು, ಬಲ ಕುಂದಿತು, ವೇಗ ಇಳಿಯಿತು. ಪ್ರೇಕ್ಷಕರ ಮಟ್ಟಿಗೆ ಕ್ಷೇಮವಾಯಿತು. ಆದರೆ ಚಾಲಕರ ಮಟ್ಟಿಗೆ ಬೇರೊಂದು ಪರಿಣಾಮ ಕಾದಿತ್ತು. ಎಲ್ಲರ ಬಲವೂ ಒಂದೇ ಅಳತೆಗೆ ಇಳಿದುದರಿಂದ ಯಾರಿಗೂ ಗುಂಪನ್ನು ಬಿಟ್ಟು ಮುಂದೆ ಹೋಗುವ ಶಕ್ತಿ ಉಳಿಯಲಿಲ್ಲ. ಗಾಳಿಮರೆಯನ್ನು ಬಿಟ್ಟವನು ಹಿಂದೆ ಬಿದ್ದನು. ಮೂವತ್ತು ನಲವತ್ತು ಕಾರುಗಳು ಎರಡು ಮೂರು ಸಾಲಾಗಿ, ಗೇಣಿನ ಅಂತರದಲ್ಲಿ, ಗಂಟೆಗೆ ೧೯೦ ಮೈಲಿಯಂತೆ ಓಡತೊಡಗಿದವು. ಒಬ್ಬನು ತಪ್ಪಿದರೆ ಹತ್ತಾರು ಮಂದಿ ಅವನ ಮೇಲೆ ಬೀಳುವರು. ಒಂದು ಅಪಾಯವನ್ನು ತಡೆಯಹೋದ ತಗಡು ಇನ್ನೊಂದನ್ನು ಹೆತ್ತಿತು. ನಿಯಮ ಮಾಡಿದವರನ್ನು ನಾನು ದೂರಲಾರೆ. ತುಂಬಿದ ಗ್ಯಾಲರಿಯ ಮುಂದೆ ಅವರಿಗೆ ಬೇರೆ ದಾರಿ ಸುಲಭವಾಗಿ ಕಾಣುತ್ತಿರಲಿಲ್ಲ.

ಅರ್ನ್‌ಹಾರ್ಟ್ ಈ ತಗಡನ್ನು ಮನಸಾರೆ ದ್ವೇಷಿಸಿದನು. ಚಾಲಕನ ಕೈಯಿಂದ ಪಂದ್ಯವನ್ನು ಕಿತ್ತುಕೊಂಡಿತೆಂದು ಹಲವು ಬಾರಿ ಬಹಿರಂಗವಾಗಿಯೇ ದೂರಿದನು. ಆದರೆ ತಗಡಿನ ಪಂದ್ಯಗಳಲ್ಲಿ ಅವನೇ ೧೧ ಗೆದ್ದನು. ಅವನಿಗೆ ಗಾಳಿ ಕಣ್ಣಿಗೆ ಕಾಣುತ್ತದೆಂಬ ಮಾತು ಪ್ರತಿಸ್ಪರ್ಧಿಗಳಲ್ಲಿ ಹುಟ್ಟಿಕೊಂಡಿತು. ಯಾವ ಸಾಲು ಯಾವಾಗ ಮುಂದಕ್ಕೆ ಸರಿಯುವುದು, ಯಾರ ಬೆನ್ನಿಗೆ ಎಷ್ಟು ಸಮೀಪ ಹೋದರೆ ಅವನ ಕಾರಿನ ಹಿಂಭಾಗ ಹಗುರಾಗಿ ಅಲುಗುವುದು, ಯಾರ ಮುಂದೆ ನಿಂತರೆ ಅವನು ತನ್ನನ್ನು ತಳ್ಳದೆ ವಿಧಿಯಿಲ್ಲ, ಇವೆಲ್ಲ ಅವನಿಗೆ ಕರತಲಾಮಲಕ. ನಾನು ಆ ಪಂದ್ಯಗಳ ಚಿತ್ರಗಳನ್ನು ನೋಡಿದ್ದೇನೆ. ಬೇರೆಯವರು ದಾರಿ ಹುಡುಕುತ್ತಿರುವಾಗ ಕಪ್ಪು ಕಾರು ಇನ್ನೂ ತೆರೆಯದ ದಾರಿಯ ಬಾಯಲ್ಲಿ ಹೋಗಿ ಕಾಯುತ್ತಿರುತ್ತದೆ.

ಇಷ್ಟಿದ್ದರೂ ಡೇಟೋನಾದ ೫೦೦ ಮೈಲಿಯ ಮಹಾಪಂದ್ಯ ಮಾತ್ರ ಅವನಿಗೆ ಒಲಿಯಲಿಲ್ಲ. ೧೯೯೦ರಲ್ಲಿ ಕೊನೆಯ ಸುತ್ತಿನವರೆಗೂ ಮುಂದಿದ್ದು, ಮೂರನೆಯ ತಿರುವಿನಲ್ಲಿ ಏನೋ ಲೋಹದ ಚೂರಿನ ಮೇಲೆ ಹರಿದು ಟಯರು ಸೀಳಿ ಸೋತನು. ೧೯೯೭ರಲ್ಲಿ ಕಾರು ಮಗುಚಿತು. ಆಂಬುಲೆನ್ಸಿನಲ್ಲಿ ಕುಳಿತವನು ತನ್ನ ಕಾರಿಗೆ ಇನ್ನೂ ನಾಲ್ಕು ಚಕ್ರಗಳಿರುವುದನ್ನು ಕಂಡು ಇಳಿದುಬಂದು, ಆ ಮುರುಕು ಗಾಡಿಯನ್ನೇ ಓಡಿಸಿ ಪಂದ್ಯ ಮುಗಿಸಿದನು. ೧೯೯೮ರಲ್ಲಿ, ಇಪ್ಪತ್ತನೆಯ ಪ್ರಯತ್ನದಲ್ಲಿ, ಗೆದ್ದನು. ಪಂದ್ಯಕ್ಕೆ ಮುಂಚೆ ಗಾಲಿಕುರ್ಚಿಯಲ್ಲಿ ಬಂದಿದ್ದ ಪುಟ್ಟ ಹುಡುಗಿಯೊಬ್ಬಳು ಶುಭವಾಗಲೆಂದು ಕೊಟ್ಟ ಒಂದು ಪೆನಿ ನಾಣ್ಯವನ್ನು ಅವನು ಕಾರಿನೊಳಗೆ ಅಂಟಿಸಿಕೊಂಡಿದ್ದನು. ಅಂದು ಎದುರಾಳಿ ತಂಡಗಳ ಕೆಲಸಗಾರರೆಲ್ಲ ಸಾಲಾಗಿ ನಿಂತು ಅವನ ಕೈ ಮುಟ್ಟಿದರು. ಹೆದರಿಸುವವನಿಗೆ ಆ ಮರ್ಯಾದೆ ಸಲ್ಲಿಸಿದವರಲ್ಲಿ ಅವನಿಂದ ಪೆಟ್ಟು ತಿಂದವರೂ ಇದ್ದರು.

೨೦೦೦ದ ಫೆಬ್ರವರಿಯ ಡೇಟೋನಾ ಪಂದ್ಯ ನೀರಸವಾಯಿತು. ಮುಂದಾಳು ಬದಲಾದದ್ದು ಕೇವಲ ೯ ಸಲ. ಅರ್ನ್‌ಹಾರ್ಟ್ ಕಟುವಾಗಿ ಟೀಕಿಸಿದನು. ಅಕ್ಟೋಬರಿನ ಟ್ಯಾಲಡೇಗಾ ಪಂದ್ಯಕ್ಕೆ ಹೊಸ ನಿಯಮ ಬಂದಿತು: ಛಾವಣಿಯ ಮೇಲೆ ಅಡ್ಡಲಾಗಿ ಒಂದು ಪಟ್ಟಿ, ಹಿಂಬದಿಯ ಸ್ಪಾಯ್ಲರಿನ ಅಂಚಿಗೆ ಒಂದು ತುಟಿ. ಕಾರು ಗಾಳಿಯಲ್ಲಿ ಇನ್ನೂ ದೊಡ್ಡ ತೆರಪನ್ನು ಕೊರೆಯುವಂತಾಯಿತು. ಹಿಂದಿನವನಿಗೆ ಕವಣೆಯಿಂದ ಎಸೆದಂತೆ ಮುನ್ನುಗ್ಗುವ ಅನುಕೂಲ ಒದಗಿತು. ಐದಾರು ಸುತ್ತುಗಳು ಉಳಿದಿರುವಾಗ ಅರ್ನ್‌ಹಾರ್ಟ್ ೧೮ನೆಯವನು. ಕೆನಿ ವಾಲೇಸ್ ಹಿಂದಿನಿಂದ ತಳ್ಳುತ್ತಿರಲು, ನಡುವಿನ ಸಾಲನ್ನು ಸೀಳಿ ಮೊದಲನೆಯವನಾಗಿ ಗುರಿ ದಾಟಿದನು. ಅದು ಅವನ ೭೬ನೆಯ ಗೆಲುವು; ಕೊನೆಯದೂ ಅದೇ.

೨೦೦೧ರ ಫೆಬ್ರವರಿ ೧೮. ಡೇಟೋನಾದಲ್ಲಿಯೂ ಅದೇ ಪಟ್ಟಿ, ಅದೇ ತುಟಿ. ಈ ಸಲ ಮುಂದಾಳುಗಳು ಮತ್ತೆ ಮತ್ತೆ ಬದಲಾದರು, ಪ್ರೇಕ್ಷಕರು ಹಿಗ್ಗಿದರು. ೧೭೩ನೆಯ ಸುತ್ತಿನಲ್ಲಿ ಗುಂಪು ಕುಸಿದು ಸುಮಾರು ಹದಿನೆಂಟು ಕಾರುಗಳು ಹಾಳಾದವು. ಕೊನೆಯ ಸುತ್ತಿನಲ್ಲಿ ಮೊದಲು ಮೈಕಲ್ ವಾಲ್ಟ್ರಿಪ್, ಎರಡನೆಯವನು ಡೇಲನ ಮಗ ಕಿರಿಯ ಡೇಲ್; ಆ ಎರಡು ಕಾರುಗಳೂ ಡೇಲನ ಸ್ವಂತ ತಂಡದವು. ವಾಲ್ಟ್ರಿಪ್ ಅದುವರೆಗೆ ೪೬೨ ಪಂದ್ಯ ಓಡಿ ಒಂದನ್ನೂ ಗೆದ್ದವನಲ್ಲ. ಮೂರನೆಯ ಸ್ಥಾನದಲ್ಲಿದ್ದ ತಂದೆ ಅಂದು ಮುಂದಕ್ಕೆ ನುಗ್ಗಲಿಲ್ಲ. ಹಿಂದಿನವರ ಗಾಳಿಗೆ ಅಡ್ಡವಾಗಿ, ಎಡಕ್ಕೂ ಬಲಕ್ಕೂ ಸರಿಯುತ್ತ, ಅವರನ್ನು ತಡೆದು ನಿಲ್ಲಿಸುತ್ತಿದ್ದನು. ಜೀವಮಾನವೆಲ್ಲ ಪರರ ಬೆನ್ನಿನ ತೆರಪನ್ನು ಕದ್ದವನು ಆ ಒಂದು ಸುತ್ತು ತಾನೇ ಗೋಡೆಯಾದನೆಂದು ನನಗೆ ತೋರುತ್ತದೆ. ಇದು ತಂಡದ ಒಡೆಯನ ಲೆಕ್ಕಾಚಾರವೇ ಇರಬಹುದು. ತಂದೆಯ ಮನಸ್ಸೂ ಅದರಲ್ಲಿ ಇರಲಿಲ್ಲವೆಂದು ನಂಬಲಾರೆ.

ನಾಲ್ಕನೆಯ ತಿರುವಿನಲ್ಲಿ ಸ್ಟರ್ಲಿಂಗ್ ಮಾರ್ಲಿನ್‌ನ ಕಾರಿನೊಡನೆ ತಾಗಿತು. ಕಪ್ಪು ಕಾರು ಒಮ್ಮೆ ಕೆಳಕ್ಕೆ ಜಾರಿ, ಹೊರಳಿ ಮೇಲಕ್ಕೇರಿ, ಕೆನ್ ಶ್ರೇಡರ್‌ನ ಕಾರಿನೊಂದಿಗೆ ಗೋಡೆಗೆ ಬಡಿಯಿತು. ನೋಡುವವರಿಗೆ ಅದೇನೂ ಘೋರವಾಗಿ ಕಾಣಲಿಲ್ಲ. ವಾಲ್ಟ್ರಿಪ್ ಗೆದ್ದನು, ಮಗನು ಎರಡನೆಯವನಾದನು. ತಲೆಬುರುಡೆಯ ತಳ ಒಡೆದು ತಂದೆ ಸತ್ತಿದ್ದನು. ವಯಸ್ಸು ೪೯.

ಒಂದು ವಿಷಯವನ್ನು ಮುಚ್ಚಿಡಬಾರದು. ಕತ್ತನ್ನು ಹಿಡಿದು ನಿಲ್ಲಿಸುವ ಹ್ಯಾನ್ಸ್ ಎಂಬ ಸಾಧನ ಆಗಲೇ ಇತ್ತು. ಕೆಲವು ಚಾಲಕರು ತೊಡುತ್ತಲೂ ಇದ್ದರು. ೨೦೦೦ದಲ್ಲಿ ಆಡಮ್ ಪೆಟಿ, ಕೆನಿ ಅರ್ವಿನ್, ಟೋನಿ ರೋಪರ್ ಎಂಬ ಮೂವರು ತರುಣರು ಓಟದ ಹಾದಿಗಳಲ್ಲಿ ಸತ್ತಿದ್ದರು. ಅರ್ನ್‌ಹಾರ್ಟ್ ಅದನ್ನು ತೊಡಲಿಲ್ಲ. ಮುಖ ತೆರೆದ ಹಳೆಯ ಮಾದರಿಯ ಹೆಲ್ಮೆಟ್ಟನ್ನೂ ಬಿಡಲಿಲ್ಲ. ೨೦೦೧ರ ಅಕ್ಟೋಬರಿನಲ್ಲಿ ಅಂಥ ಸಾಧನ ಕಡ್ಡಾಯವಾಯಿತು. ಬಳಿಕ ಗೋಡೆಗಳಿಗೆ ಪೆಟ್ಟನ್ನು ನುಂಗುವ ಮೆತ್ತೆಗಳು ಬಂದವು. ಅಂದಿನಿಂದ ಆ ಸರಣಿಯ ಪಂದ್ಯದಲ್ಲಿ ಯಾವ ಚಾಲಕನೂ ಸತ್ತಿಲ್ಲ. ಅವನು ದ್ವೇಷಿಸಿದ ತಗಡು ೨೦೧೯ರ ಡೇಟೋನಾ ಮಹಾಪಂದ್ಯದವರೆಗೆ ಉಳಿದು, ಆಮೇಲೆ ಬೇರೊಂದು ಸಾಧನಕ್ಕೆ ಎಡೆಬಿಟ್ಟಿತು. ಗಾಳಿಮರೆ ಮಾತ್ರ ಹೋಗಿಲ್ಲ, ಗುಂಪೂ ಒಡೆದಿಲ್ಲ.

ಕನ್ನಾಪೊಲಿಸ್‌ನಲ್ಲಿ ೨೦೦೨ರಲ್ಲಿ ಅವನ ಕಂಚಿನ ಪ್ರತಿಮೆ ನಿಂತಿತು. ಮರುವರ್ಷ ಗಿರಣಿ ಮುಚ್ಚಿತು. ಸಾವಿರಾರು ಮಂದಿ ಒಂದೇ ದಿನ ಕೆಲಸ ಕಳೆದುಕೊಂಡರು. ನನ್ನ ವಿದ್ಯಾರ್ಥಿ ಆ ಪ್ರತಿಮೆಯ ಚಿತ್ರವನ್ನು ಕಳುಹಿಸಿದ್ದನು. ಅದನ್ನು ನಮ್ಮ ತಂದೆಯವರಿಗೆ ತೋರಿಸಿ ಕಥೆಯನ್ನೆಲ್ಲ ಹೇಳಿದೆ. ಅವರ ಗಿರಣಿ ಮುಚ್ಚಿಯೂ ಬಹಳ ಕಾಲವಾಯಿತು. ಓಟದ ವಿಷಯವಾಗಿ ಅವರು ಏನೂ ಕೇಳಲಿಲ್ಲ. ಆ ಹುಡುಗನ ದೊಡ್ಡ ಪಂದ್ಯಗಳನ್ನು ಅವನ ತಂದೆ ನೋಡಿದ್ದನೇ ಎಂದಷ್ಟೇ ಕೇಳಿದರು. ಒಂದನ್ನೂ ನೋಡಲಿಲ್ಲ, ಎರಡು ವರ್ಷ ಮೊದಲೇ ತೀರಿಕೊಂಡಿದ್ದನೆಂದು ಹೇಳಿದೆ. ಅವರು ಚಿತ್ರವನ್ನು ಮತ್ತೊಮ್ಮೆ ಕೈಗೆ ತೆಗೆದುಕೊಂಡು, ಕನ್ನಡಕವನ್ನು ಒರೆಸಿಕೊಂಡು ನೋಡತೊಡಗಿದರು.